ಕಣಜ

ಉರಿ ಹಳದಿಯಾದದ್ದನ್ನು ಮೊದಲು ಕಂಡವಳು ನಾನು.
ಬಾಯಿ ಬಿಡಲಿಲ್ಲ.
ಗುಡ್ ಫ್ರೈಡೇ, ಬೆಳಗಿನ ಹತ್ತೂವರೆ,
ಲೂಸಿಯಾನಾದ ಬಾಯೂ ಟೆಶ್ ದಂಡೆ.
ಪೆಕಾನ್ ಮರದಡಿ ಮೂರು ಗೋಣಿ ಕ್ರಾಫಿಶ್,
ಸಿಗಡಿಗೆ ಅಣ್ಣ, ಏಡಿಗೆ ತಮ್ಮ,
ಒದ್ದೆ ಚೀಲದೊಳಗೆ ಕರಕರ ಎನ್ನುತ್ತ
ಇನ್ನೂ ಬದುಕಿದ್ದವು.
ಹಂಡೆಯಲ್ಲಿ ಉಪ್ಪು, ನಿಂಬೆ, ಕೆಂಪು ಖಾರ.
ಕುದಿ ಮಾತ್ರ ಇಲ್ಲ.

ಸೋಮಾರಿ ಉರಿ. ಉದ್ದ ನಾಲಿಗೆ ಚಾಚಿ
ಹಂಡೆಯ ತಳ ನೆಕ್ಕುತ್ತದೆ, ಕಚ್ಚುವುದಿಲ್ಲ.
ನೆಕ್ಕಿದಲ್ಲೆಲ್ಲ ಮಸಿ.

ಆಲ್ಸೀಡ್ ಮಾವ ಹೇಳಿದ: ರೆಗ್ಯುಲೇಟರ್.
(ಅವನ ಪಾಲಿಗೆ ಲೋಕದ ಕೇಡೆಲ್ಲ ರೆಗ್ಯುಲೇಟರೇ.)
ತಿರುಪು ಒಮ್ಮೆಲೇ ತೆಗೆದರೆ ಒಳಗಿನ ಕವಾಟ
ಬೆದರಿ ಗಂಟಲು ಬಿಗಿದುಕೊಳ್ಳುತ್ತೆ.
ಮುಚ್ಚು, ಕಳಚು, ಐದು ನಿಮಿಷ ಬಿಡು,
ಮತ್ತೆ ತೆಗೆ, ನಿಧಾನ,
ಮಗು ಮಲಗಿದ ಕೋಣೆಯ ಬಾಗಿಲು ತೆಗೆದಂತೆ.
ಮುಚ್ಚಿದರು. ಕಳಚಿದರು.
ಐದು ನಿಮಿಷಕ್ಕೆ ತಲಾ ಎರಡು ಬಿಯರ್ ಆಯಿತು.
ಹಳದಿ.

ಸೋರುತ್ತಿದೆ ಎಂದು ಕರ್ಲಿ ಸೋಪಿನ ನೊರೆ ಬಳಿದ.
ಒಂದು ಗುಳ್ಳೆಯೂ ಏಳಲಿಲ್ಲ.
ಗ್ಯಾಸೇ ಮುಗಿದಿದೆ ಎಂದ ಓವಿ
ಸಿಲಿಂಡರಿಗೆ ಬಿಸಿನೀರು ಹೊಯ್ದು ಅಂಗೈ ಸವರಿದ,
ಎಲ್ಲಿ ತಣ್ಣಗೋ ಅಲ್ಲಿವರೆಗೆ ಗ್ಯಾಸು.
ಮುಕ್ಕಾಲು ತುಂಬಿತ್ತು.
ಗಾಳಿಯ ಬಿಲ್ಲೆ ತಿರುಗಿಸಿ ತಿರುಗಿಸಿ ಪೂರ್ತಿ ತೆರೆದರು.
ಹಳದಿ.

ಹದಿನಾಲ್ಕು ವರ್ಷ ಮಾರ್ಗನ್ ಸಿಟಿಯ ಹಡಗುಕಟ್ಟೆಯಲ್ಲಿ
ಬೆಸುಗೆ ಹಾಕಿದ ಕೈ ನನ್ನದು.
ಬಣ್ಣ ನೋಡಿ ಉರಿಯ ಸಂಕಟ ಹೇಳಬಲ್ಲೆ:
ಇದು ಹೊಟ್ಟೆಯದಲ್ಲ, ಮೂಗಿನ ಕಾಯಿಲೆ.
ತಿನ್ನಲು ಬೇಕಾದಷ್ಟಿದೆ, ಉಸಿರು ಸಾಲದು.
ಆದರೆ ಅಂಗಳ ಮಾವನದು, ಬರ್ನರ್ ಮಾವನದು,
ಮಾತು ಗಂಡಸರದು. ಈರುಳ್ಳಿ ನನ್ನದು.

ಯೂಲಲಿ ಅತ್ತೆ ಆಲೂಗಡ್ಡೆಯ ಬುಟ್ಟಿ ಕುಕ್ಕಿದಳು.
"ನಲವತ್ತು ಜನಕ್ಕೆ ಹಸಿಯಾಗಿ ಬಡಿಸಲೇನು?"
ಕೇಳಿದ್ದು ಅವರನ್ನು. ನೋಡಿದ್ದು ನನ್ನನ್ನು.

ಆರಿಸಿದೆ. ಕಬ್ಬಿಣ ತಣಿಯುವವರೆಗೆ ಕಾದೆ.
ನಳಿಗೆ ಬಿಚ್ಚಿ ಕಣ್ಣಿಗೆ ಹಿಡಿದರೆ
ಆಚೆ ಸೂಜಿಮೊನೆಯಷ್ಟೇ ಆಕಾಶ.
ತಂತಿ ತೂರಿಸಿದೆ. ಮಣ್ಣು.
ಬಾಯೂ ದಂಡೆಯದೇ ಮಣ್ಣು, ಈ ವಸಂತದ್ದು,
ಬೆರಳಗಲದ ಮೂರು ಕೋಣೆ.
ಒಡೆದರೆ ಒಳಗೆ ಜೇಡಗಳು,
ಸತ್ತಿಲ್ಲ, ಎದ್ದಿಲ್ಲ, ಕುಟುಕಿಸಿಕೊಂಡು
ಕಾಲು ಮಡಚಿ ಮಲಗಿವೆ. ಹನ್ನೊಂದು ಎಣಿಸಿದೆ.
ಒಂದರ ಬೆನ್ನಿಗೆ ನುಚ್ಚಕ್ಕಿಯಂಥ ಮೊಟ್ಟೆ.

ಕುಂಬಾರ ಕಣಜದ ಕಣಜ.

ನಮ್ಮ ಅಡುಗೆಗೆ ಅಡ್ಡ ಬಂದದ್ದು
ಇನ್ನೊಬ್ಬಳ ಅಡುಗೆ.
ಕಣ್ಣು ಬಿಡದ ಮಗುವಿಗೆಂದು, ಬೆಂಕಿ ಮುಟ್ಟಿಸದೆ,
ಕೊಳೆಯದಂತೆ, ನೆರಳಲ್ಲಿ, ಜೀವಂತ,
ಥೇಟ್ ನಮ್ಮ ಮೂರು ಗೋಣಿಗಳ ಹಾಗೆ.

ಆ ಮಣ್ಣನ್ನು ಪೆಕಾನ್ ಬೇರಿನ ಮೇಲಿಟ್ಟೆ.
ಕರುಣೆ ಎಂದುಕೊಳ್ಳಬೇಡಿ,
ಇರುವೆ ಬರುತ್ತವೆಂದು ಗೊತ್ತಿತ್ತು.

ಕಡ್ಡಿ ಗೀರಿದೆ. ಭುಗ್ಗೆಂದು ಎದ್ದ ಉರಿ
ಈಗ ಗಾಳಿ ಹೆಚ್ಚಾಗಿ ನೆಲ ಬಿಟ್ಟು ಹಾರಿತು.
ಬಿಲ್ಲೆಯನ್ನು ಅರ್ಧಕ್ಕೆ ತಂದೆ, ಇನ್ನೊಂದು ಕೂದಲೆಳೆ,
ಕೂತಿತು.
ನೀಲಿ. ಸಾಲಾಗಿ ಚೂಪು ಹಲ್ಲು. ಒಂದೇ ಶ್ರುತಿಯ ಮೊರೆತ.
ಇಪ್ಪತ್ತು ನಿಮಿಷಕ್ಕೆ ಹಂಡೆ ಮಾತಾಡತೊಡಗಿತು.

"ಹೇಳಿದೆನಲ್ಲ," ಎಂದ ಆಲ್ಸೀಡ್ ಮಾವ,
"ರೆಗ್ಯುಲೇಟರ್."

ಸಂಜೆ. ಹಾಳೆ ಹಾಸಿದ ಮೇಜಿನ ತುಂಬ ಕೆಂಪು ಸಿಪ್ಪೆ,
ತುಟಿ ಉರಿ, ಮಕ್ಕಳ ಬೆರಳೆಲ್ಲ ಖಾರ.
ನಳಿಗೆಯ ಬಾಯಿಗೆ ಕಟ್ಟಲು
ಅಂಗೈಯಗಲ ಜಾಲರಿ ಕತ್ತರಿಸಿ ತಂದಿದ್ದೆ.
ತಣಿದ ಬರ್ನರಿನ ಸುತ್ತ ಅವಳು ಸುತ್ತುತ್ತಿದ್ದಳು,
ದಾರದಂಥ ಸೊಂಟ, ಬಾಯಲ್ಲಿ ಒಂದುಂಡೆ ಹಸಿ ಮಣ್ಣು,
ಮನೆ ಇದ್ದ ಜಾಗ ಹುಡುಕುತ್ತ.

ಜಾಲರಿ ಹಿಡಿದು ನಿಂತೆ,
ಸ್ವಲ್ಪ ಹೊತ್ತು.